ಮೂರು ಕೊಂಬಿನ ರೂಟರ್

"ಗೋಡೆ ದಾಟಿ ಹನುಮಂತಣ್ಣನ ನಡುಮನೆವರ್ಗೂ ಎಟುಕ್ಬೇಕು. ಅಂಥದ್ದು ಐತಾ?"

ಜಯಕುಮಾರನ ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಮೇಲೆ ಹನುಮಂತಯ್ಯ ನಿಂತಲ್ಲೇ ನಿಂತ. ಒಳಗೆ ಹಾಗೆ ಕೇಳುತ್ತಿದ್ದವನು ಗಫಾರ್. ಪಕ್ಕದ ಮನೆಯವನು, ಚನ್ನಪಟ್ಟಣದಲ್ಲಿ ಗೊಂಬೆ ಮಾಡಿಸುವವನು, ಎಷ್ಟೋ ವರ್ಷಗಳ ಗೆಳೆಯ. ಜಯಕುಮಾರ್ ಎರಡು ಆಂಟೆನಾದ ವೈರ್‌ಲೆಸ್ ರೂಟರ್ ತೆಗೆದುಕೊಟ್ಟ. ತಿರುಗಿದ ಗಫಾರ್ ಗೆಳೆಯನನ್ನು ಕಂಡು ಹೌಹಾರಿದ. ಡಬ್ಬವನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಏನಿಲ್ಲ ಅಣ್ಣಾ, ಮನೆಗೊಂದು ಬಲ್ಬು" ಎಂದು ಜಾರಿಕೊಂಡ.

ಕಂಪ್ಯೂಟರ್ ಅಂಗಡಿಯಲ್ಲಿ ಬಲ್ಬು! ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಿದ್ದ.

ಹನುಮಂತಯ್ಯನಿಗೆ ಎಲ್ಲವೂ ಅರ್ಥವಾಯಿತು. ಎರಡು ತಿಂಗಳ ಹಿಂದೆ ಅವನ ಮನೆಯ ನೆಟ್ ಪೂರ್ತಿ ನಿಂತುಹೋಗಿತ್ತು. ಜಯಕುಮಾರ್ ಬಂದು ಕ್ಷಣದಲ್ಲಿ ಸರಿಮಾಡಿ ಹೋಗಿದ್ದ. ಆದರೆ ಅಂದಿನಿಂದ ಅದು ಕುಂಟುತ್ತಿತ್ತು. ಸಂಜೆಯಾದರೆ ಮಗ ಮನೋಹರ ರೇಷ್ಮೆ ನೂಲಿನ ದರ ನೋಡಬೇಕು, ಮಗಳು ನವ್ಯಶ್ರೀ ಪರೀಕ್ಷೆಗೆ ಓದಬೇಕು, ಹೆಂಡತಿ ಅಂಬುಜಮ್ಮ ಹುಬ್ಬಳ್ಳಿಯಲ್ಲಿರುವ ಮೊಮ್ಮಗಳ ಮುಖ ನೋಡಬೇಕು. ಆ ಮಗು ಬಾಯಿ ತೆರೆದರೆ ತೆರೆದ ಬಾಯಲ್ಲೇ ನಿಂತುಬಿಡುತ್ತಿತ್ತು.

ಇಂಥ ಆಟವನ್ನು ಹನುಮಂತಯ್ಯ ಮೊದಲೇ ಕಂಡಿದ್ದ. ಗುಡೇಮಾರನಹಳ್ಳಿಯ ತೋಟದಲ್ಲಿ ಅವನು ಐದು ಎಚ್‌ಪಿ ಮೋಟಾರ್ ಇಳಿಸಿದ್ದ. ಪಕ್ಕದ ತೋಟದವನು ಹತ್ತು ಎಚ್‌ಪಿ ಇಳಿಸಿದ. ಇವನ ಕೊಳವೆಬಾವಿ ಬರೀ ಗಾಳಿ ಉಗುಳಿತು. ನೀರಾದರೇನು, ನೆಟ್ ಆದರೇನು, ದೊಡ್ಡ ಮೋಟಾರ್ ಇದ್ದವನ ಕಡೆಗೇ ಹರಿಯುವುದು.

"ಅವ್ನಿಗೆ ಎರಡು ಕೊಂಬಿಂದು ಕೊಟ್ಯಲ್ಲ, ನಂಗೆ ಮೂರು ಕೊಂಬಿಂದು ಕೊಡಪ್ಪ" ಎಂದ.

"ನಿಮ್ಗ್ಯಾಕೆ ಸಾರ್? ಇರೋದೇ ಸಾಕು" ಎಂದ ಜಯಕುಮಾರ್.

"ಮನೆ ತುಂಬ ಜನ ಕಣಯ್ಯ ನಂದು."

"ಗೊತ್ತು ಸಾರ್. ಅದ್ಕೇ ತಾನೇ..." ಜಯಕುಮಾರ್ ನಾಲಿಗೆ ಕಚ್ಚಿಕೊಂಡ. "ನೀವು ಮೂರಲ್ಲ, ಮೂವತ್ತು ಕೊಂಬಿಂದು ತಗಂಡ್ರೂ ಅಷ್ಟೇಯಾ."

ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದೆಯುವ ವ್ಯಾಪಾರಿಯನ್ನು ಹನುಮಂತಯ್ಯ ಅವತ್ತೇ ಮೊದಲು ಕಂಡದ್ದು. ಇವನೂ ಗಫಾರನ ಕಡೆಯವನೇ ಎಂದುಕೊಂಡು, ಹಟ ಹಿಡಿದು ಕೊಂಡುಕೊಂಡ.

ಜೋಡಿಸಲು ಜಯಕುಮಾರನೇ ಬಂದ. ಹೊಸ ರೂಟರನ್ನು ನಡುಮನೆಯ ಲ್ಯಾಂಡ್‌ಲೈನ್ ಫೋನಿನ ಪಕ್ಕ ಕೂರಿಸಿದ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಆ ಫೋನಿನ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಮನೆಯ ಒಂದೊಂದೇ ಕಂಪ್ಯೂಟರ್ ಮುಂದೆ ಕೂತು ಏನೇನೋ ಒತ್ತಿ, "ಇನ್ನು ಯಾರೂ ಏನೂ ಮುಟ್ಬೇಡಿ" ಎಂದ. ರೂಟರ್ ಮೇಲೆ ಒಂದು ದೀಪ ಕೆಂಪಗೆ ಉರಿಯುತ್ತಿತ್ತು. ಕೆಂಪು ಶುಭ ಎಂದು ಅಂಬುಜಮ್ಮ ಅದಕ್ಕೊಂದು ಕುಂಕುಮವನ್ನೂ ಇಟ್ಟಳು. ಅಂದು ಸಂಜೆ ಮೊಮ್ಮಗಳು ಎಲ್ಲೂ ನಿಲ್ಲದೆ ನಕ್ಕಳು. ಹನುಮಂತಯ್ಯ ಮೀಸೆ ತಿರುವಿದ.

ಮೀಸೆ ಬಹಳ ದಿನ ನಿಲ್ಲಲಿಲ್ಲ. ಮುಂದಿನ ವಾರ ಗಫಾರನ ಮಹಡಿಯ ಕಿಟಕಿಯಲ್ಲಿ ಇನ್ನೊಂದು ಆಂಟೆನಾ ಎದ್ದಿತು. ಅದರ ಮುಖ ನೇರ ಇವರ ನಡುಮನೆಗೆ.

ಎರಡು ಹಿತ್ತಲುಗಳ ನಡುವಿನ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲಿತ್ತು. ಯುಗಾದಿಯ ಹೋಳಿಗೆ ಆ ಕಡೆಗೆ, ರಂಜಾನಿನ ಶಾವಿಗೆ ಪಾಯಸ ಈ ಕಡೆಗೆ ಬರುತ್ತಿದ್ದುದು ಅದರಲ್ಲೇ. ಅದನ್ನು ಮುಚ್ಚಿಸಿಬಿಡುವುದೆಂದು ಹನುಮಂತಯ್ಯ ಗಾರೆ ಕೆಲಸದ ಮರಿಯಪ್ಪನನ್ನು ಕರೆಸಿದ.

"ನೆಟ್ಟಿಗೋಸ್ಕರ ನಂಟು ಕಳ್ಕತೀರಾ?" ಅಂಬುಜಮ್ಮ ಅಡ್ಡ ನಿಂತಳು. "ನಿಮ್ಗೆ ಎದೆನೋವು ಬಂದಾಗ ಈ ಬಾಗ್ಲಲ್ಲೇ ಎತ್ಕೊಂಡು ಓಡಿದ್ದು ಯಾರು?"

ಹನುಮಂತಯ್ಯ ಮರಿಯಪ್ಪನಿಗೆ ತಡೆಯುವಂತೆ ಕೈ ಮಾಡಿದ. ಬೇರೆ ಯಾರಾದರೂ ಕದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿರ್ನಿಲ್ವೇನೇ? ಕದಿಯೋದ್ಯಾಕೆ?"

"ಕದ್ದವ್ನೆ ಅಂತ ಕಣ್ಣಾರೆ ಕಂಡ್ರಾ? ಮೊದ್ಲು ಪರೀಕ್ಷೆ ಮಾಡಿ."

ಅದೂ ನ್ಯಾಯವೇ. ಇಲ್ಲಿ ನೀರೇ ಇಲ್ಲದಿದ್ದರೆ ಅಲ್ಲಿ ಮೋಟಾರ್ ಎಳೆಯುವುದೇನನ್ನು? ಇಲ್ಲಿ ವೈರ್ ಕಿತ್ತಾಗ ಆ ಮನೆಯಲ್ಲಿ "ನೆಟ್ ಹೋಯ್ತು" ಎಂಬ ಕೂಗೆದ್ದರೆ ಕಳ್ಳ ಅವನೇ, ಬಾಗಿಲು ಮುಚ್ಚಿದ ಹಾಗೇ. ಹನುಮಂತಯ್ಯ ರೂಟರಿನ ವೈರ್ ಕಿತ್ತ. ಅದನ್ನು ಕೈಯಲ್ಲಿ ಹಿಡಿದೇ ಹಿತ್ತಲಿಗೆ ಬಂದು ಬಾಗಿಲಿಗೆ ಕಿವಿ ಹಚ್ಚಿದ. ಮರಿಯಪ್ಪ ಮೊದಲ ಇಟ್ಟಿಗೆ ಎತ್ತಿಕೊಂಡು ಕಾದ. ಕೂಗು ಏಳದಿರಲಿ ಎಂದು ಹನುಮಂತಯ್ಯ ಒಳಗೊಳಗೇ ಬೇಡಿಕೊಂಡ.

ಆ ಮನೆಯಿಂದ ಚಕಾರವಿಲ್ಲ. ಕೂಗು ಬಂದದ್ದು ಸ್ವಂತ ಮನೆಯೊಳಗಿಂದ.

"ಅಪ್ಪಾ, ಆಫ್ ಮಾಡಿದ್ರಾ ಇಲ್ವಾ?" ನವ್ಯಶ್ರೀ ಕೇಳುತ್ತಿದ್ದಳು. "ನೆಟ್ಟು ಚೆನ್ನಾಗೇ ಓಡ್ತೈತಲ್ಲ!"

ಹನುಮಂತಯ್ಯ ಕೈಯಲ್ಲಿದ್ದ ವೈರನ್ನೇ ನೋಡಿದ. ಅಷ್ಟರಲ್ಲಿ ಬಾಗಿಲು ಆ ಕಡೆಯಿಂದ ತೆರೆಯಿತು. ಗಫಾರ್ ಇಟ್ಟಿಗೆ ನೋಡಿದ, ಕಲಸಿಟ್ಟ ಗಾರೆ ನೋಡಿದ, ಗೆಳೆಯನ ಕೈಯಲ್ಲಿ ಜೋತಾಡುತ್ತಿದ್ದ ವೈರ್ ನೋಡಿದ. ಅವನ ತಲೆ ತಗ್ಗಿತು.

"ಗೊತ್ತಾಗೋಯ್ತಾ ಅಣ್ಣಾ? ನಮ್ ಗೊಂಬೆ ಮರದ ಲಾರಿಗೆ ಸಿಕ್ಕಿ ನಿಮ್ ನೆಟ್ಟಿನ ಫೋನ್ ಲೈನು ಕಿತ್ತೋಗಿ ಎರಡು ತಿಂಗ್ಳಾತು. ಲೈನ್‌ಮನ್ ಬರೋವರ್ಗೂ ನಮ್ದೇ ನೆಟ್ಟು ಓಡ್ಲಿ ಅಂತ ಜಯಕುಮಾರನ ಕೈಲಿ ನಿಮ್ ಮನೆಗೆ ಕೊಡ್ಸಿದೆ, ಸರಿಯಾಗಿ ಎಟುಕ್ಲಿಲ್ಲ ಅಂತ ಒಸಿ ದೊಡ್ಡದು ಹಾಕ್ಸಿದೆ. ಈಗ್ಲಾದ್ರೂ ಮೊಮ್ಮಗು ಮುಖ ನೆಟ್ಗೆ ಕಾಣ್ತೈತಾ?"