ಠಾಣೆಯಲ್ಲಿ ಉಳಿದ ಪಿಸ್ತೂಲು

ಚುನಾವಣೆ ಮುಗಿದು ತಿಂಗಳಾಗಿತ್ತು. ಚುನಾವಣೆಯ ನಿಯಮದಂತೆ ಠಾಣೆಗೆ ಒಪ್ಪಿಸಿದ್ದ ಬಂದೂಕುಗಳನ್ನು ಊರಿನವರೆಲ್ಲ ವಾಪಸ್ಸು ಒಯ್ದಿದ್ದರು. ಉಳಿದದ್ದು ಒಂದೇ ಪಿಸ್ತೂಲು, ಇಪ್ಪತ್ತೈದು ವರ್ಷ ದೇಶದೇಶ ಸುತ್ತಿ ಶೂಟಿಂಗ್ ಸ್ಪರ್ಧೆಗಳನ್ನು ಗೆದ್ದು ಬಂದ ಹೆಂಗಸಿನದು. ಹೆಡ್ ಕಾನ್‌ಸ್ಟೆಬಲ್ ಮಾದಯ್ಯ ತಾನೇ ಅವರ ಮನೆಗೆ ಹೋದ.

ಗೋಡೆಯ ತುಂಬ ಪದಕಗಳು. ನಡುವೆ, ಆಕೆಗೆ ಗುರಿ ಹಿಡಿಯಲು ಕಲಿಸಿ, ಚುನಾವಣೆಗೆ ತುಸು ಮುಂಚೆ ತೀರಿಕೊಂಡ ಗಂಡನ ಫೋಟೊ. ಅದಕ್ಕೆ ಬೆಳಿಗ್ಗೆ ಹಾಕಿದ ಹಾರ ಇನ್ನೂ ಬಾಡಿರಲಿಲ್ಲ.

"ಬಂದು ತಗೊಂಡೋಗಿ ಮೇಡಂ. ನಿಮ್ಮಂಥ ಆಟಗಾರರು ಒಪ್ಪಿಸಲೇಬೇಕು ಅಂತೇನೂ ಇರ್ಲಿಲ್ಲ. ನೀವಾಗೇ ತಂದ್ಕೊಟ್ರಿ."

"ಮನೇಲಿ ಬೇಡ ಮಾದಯ್ಯನೋರೆ. ಅಲ್ಲೇ ಇರಲಿ."

"ಒಬ್ರೇ ಇರ್ತೀರಿ, ಧೈರ್ಯಕ್ಕಾದ್ರೂ ಬೇಕಲ್ವಾ?"

ಆಕೆ ಗಂಡನ ಫೋಟೊ ಕಡೆ ನೋಡಿದರು. "ಒಬ್ಳೇ ಇರೋದಕ್ಕೇ ಬೇಡ ಅಂದೆ."

"ಮತ್ತೆ ಪ್ರಾಕ್ಟೀಸು?"

"ಬಿಟ್ಟೆ."

ಮಾದಯ್ಯನಿಗೆ ಅಯ್ಯೋ ಅನ್ನಿಸಿತು. ವಯಸ್ಸು ಯಾರನ್ನು ತಾನೇ ಬಿಟ್ಟೀತು! ದನಿ ತಗ್ಗಿಸಿ ಕೇಳಿದ: "ಕೈ ನಡುಗುತ್ತಾ ಮೇಡಂ?"

ಆಕೆ ಅಂಚಿನವರೆಗೂ ತುಂಬಿದ್ದ ಕಾಫಿ ಲೋಟವನ್ನು ಒಂದೇ ಕೈಯಲ್ಲಿ ಅವನ ಮುಂದೆ ಚಾಚಿ ಹಿಡಿದರು. ಒಂದು ಹನಿಯೂ ತುಳುಕಲಿಲ್ಲ.

"ನಡುಗೋಕೆ ಶುರುವಾದ ದಿನ ನಾನೇ ಬಂದು ತಗೊಂಡು ಹೋಗ್ತೀನಿ."