ಪಾತಾಳದ ಕೊಕ್ಕೆ

"ನೀನು ಮಾತೇ ಆಡೋದು ಬೇಡ ಕಣಕ್ಕ. ಮಲ್ಕೊಂಡು ನರಳಿದ್ರೆ ಸಾಕು. ದೇವಿಗೆ ಇವತ್ತು ಬೇರೆ ಕೆಲಸ ಇಲ್ಲ," ಎಂದು ಪೆಗ್ಗಿ ಲೊರೇನಳ ಹೆಗಲಿಗೆ ಕಪ್ಪು ಶಾಲು ಹೊದಿಸಿದಳು. ಪ್ರತಿವರ್ಷ ಪೂಜೆಯಲ್ಲಿ ದೇವಿಯ ಪಾತ್ರ ಮಾಡುತ್ತಿದ್ದ ಹೆಂಗಸು ಜ್ವರ ಬಂದು ಮಲಗಿದ್ದಳು. ಪೂಜೆ ನಡೆಯುವ ನೆಲಮಾಳಿಗೆ ಹೇಗೂ ಲೊರೇನಳದು. ದೇವಿಯೂ ಅವಳೇ ಆದರೆ ಬಿಟ್ಟಿಯಲ್ಲಿ ಇನ್ನೊಂದು ಬಿಟ್ಟಿ.

ಪೆಗ್ಗಿ ಅವಳ ತಂಗಿ. ವಾರವೆಲ್ಲ ಅಮೆರಿಕದ ಡುಲೂತ್ ಊರಿನ ಸಿರಿವಂತರ ನಾಯಿಗಳಿಗೆ ಕ್ಷೌರ ಮಾಡುವವಳು, ಭಾನುವಾರ ಬಂತೆಂದರೆ ಪ್ರಾಚೀನ ಸುಮೇರಿಯದ ಪಾತಾಳದ ರಾಣಿ ಎರೆಶ್ಕಿಗಾಲಳ ಪ್ರಧಾನ ಪೂಜಾರಿಣಿ. ಸಾವಿರಾರು ವರ್ಷ ಕೇಳುವವರಿಲ್ಲದೆ ಬಿದ್ದಿದ್ದ ದೇವಿಯನ್ನು ತಾನೇ ಕೈಹಿಡಿದು ಎತ್ತಿದೆನೆಂಬ ಹಮ್ಮು ಬೇರೆ. ಸಾವಿನ ವಿಷಯದಲ್ಲಿ ಅವಳಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಆದರೆ ಹೋದ ತಿಂಗಳು ಲೊರೇನಳ ಗಂಡ ವರ್ನ್ ತೀರಿಕೊಂಡಾಗ ಮಣ್ಣಿಗೆ ಬರಲು ಆಗಲಿಲ್ಲ. ಅದೇ ಹೊತ್ತಿಗೆ 'ಮರಣದೊಂದಿಗೆ ಗೆಳೆತನ' ಎಂಬ ಶಿಬಿರವಿತ್ತು. ಆಮೇಲೆ ಬಂದವಳು, "ಹಿಡ್ಕೊಂಡು ಕೂರಬೇಡ ಅಕ್ಕ, ಬಿಟ್ಬಿಡು," ಎಂದು ಹೇಳಿ, ನೆರೆಯವರು ತಂದಿಟ್ಟಿದ್ದ ಹಾಟ್‌ಡಿಶ್ ಎಂಬ ಆಲೂಗಡ್ಡೆ ಅಡುಗೆ ತಿಂದು ಹೋದಳು. ಲೊರೇನಳಿಗೆ ಬೇಕಿದ್ದದ್ದು ಬಹಳವೇನಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಅವಳು ಹೇಳುವುದನ್ನು ಕೇಳಿಸಿಕೊಂಡಿದ್ದರೆ ಸಾಕಿತ್ತು.

ಪೂಜೆ ಶುರುವಾಯಿತು. ಪಾತಾಳದ ರಾಣಿಯನ್ನು ನೋಡಲು ಅವಳ ತಂಗಿ, ಸ್ವರ್ಗದ ರಾಣಿ ಇನಾನ್ನಾ, ಏಳು ಬಾಗಿಲು ದಾಟಿ ಇಳಿದು ಬರಬೇಕು. ಒಂದೊಂದು ಬಾಗಿಲಲ್ಲೂ ಒಂದೊಂದು ಒಡವೆ ಕಳಚಿಡಬೇಕು. ಬಚ್ಚಲುಮನೆಯ ಪರದೆಗಳೇ ಬಾಗಿಲುಗಳು. ಇನಾನ್ನಾ ಆಗಿದ್ದ ಪೆಗ್ಗಿ ಕಿರೀಟ, ಮಣಿಸರ, ಬಳೆ ಎಲ್ಲ ಕಳಚುತ್ತ ಬಂದು ಕೊನೆಯ ಬಾಗಿಲಲ್ಲಿ ಕನ್ನಡಕವನ್ನೂ ತೆಗೆದಿಟ್ಟು ಬಟ್ಟೆ ಒಗೆಯುವ ಯಂತ್ರಕ್ಕೆ ಮೊಣಕಾಲು ಬಡಿದುಕೊಂಡಳು. ಕಥೆಯ ಪ್ರಕಾರ ಇನ್ನು ಅವಳು ಸತ್ತು ಕೊಕ್ಕೆಗೆ ನೇತಾಡಬೇಕು. ವಿಮೆ ಮಾರುವ ಭಕ್ತ ಟಾಡ್ ಅವಳ ಎರಡೂ ಕೈಗಳನ್ನು ರೇಷ್ಮೆ ವಸ್ತ್ರದಿಂದ ಮೆಟ್ಟಿಲ ಬಳಿಯ ಕೊಕ್ಕೆಗೆ ಬಿಗಿದು ಕಟ್ಟಿದ.

ಚಾಪೆಯ ಮೇಲೆ ಮಲಗಿದ್ದ ಲೊರೇನಳ ಕಣ್ಣು ಆ ಕೊಕ್ಕೆಯ ಮೇಲೆ ಬಿತ್ತು. ವರ್ನ್ ರಸ್ತೆಯ ಹಿಮ ತೆಗೆಯುವ ಗಾಡಿ ಓಡಿಸುತ್ತಿದ್ದ. ಅವನ ಕಿತ್ತಳೆ ಬಣ್ಣದ ಜಾಕೆಟ್ ಅಲ್ಲೇ ಇರುತ್ತಿತ್ತು. ಬಟ್ಟೆ ಒಗೆಯುವ ನೆವದಲ್ಲಿ ದಿನಾ ಕೆಳಗಿಳಿದು ಅವಳು ಅದರಲ್ಲಿ ಮುಖ ಹುದುಗಿಸುತ್ತಿದ್ದಳು. ಡೀಸೆಲ್ ವಾಸನೆ ಇನ್ನೂ ಹೋಗಿರಲಿಲ್ಲ.

"ಪೆಗ್ಗಿ, ಅಲ್ಲಿದ್ದ ಜಾಕೆಟ್ ಎಲ್ಲಿ?"

ಹೆಣ ಒಂದು ಕಣ್ಣು ತೆರೆಯಿತು. "ಅದಾ? ಬೆಳಿಗ್ಗೆ ಇಲ್ಲಿ ಪರದೆ ಕಟ್ಟೋವಾಗ ತಗೊಂಡೋಗಿ ಚರ್ಚ್ ಹಿಂದಿನ ಹಳೇಬಟ್ಟೆ ದಾನದ ಡಬ್ಬಕ್ಕೆ ಹಾಕ್ದೆ. ಕೊಕ್ಕೆ ಬೇಕಿತ್ತಲ್ಲ. ನಿನಗೂ ಮನಸ್ಸು ಹಗುರಾಗತ್ತೆ. ಈಗ ನರಳು."

ನರಳುವುದನ್ನು ಲೊರೇನಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

"ಅಯ್ಯೋ, ನನ್ನ ಒಡಲು," ಎಂದಳು.

"ಅಯ್ಯೋ, ನಿನ್ನ ಒಡಲು," ಎಂದರು ಟಾಡ್ ಮತ್ತು ಅವನ ಪಕ್ಕ ಮಂಡಿಯೂರಿದ್ದ ಕೇಲಿನ್ ಎಂಬ ಹುಡುಗಿ. ಕಟ್ಟಳೆಯೇ ಹಾಗೆ. ದೇವಿ ನರಳಿದರೆ ಭಕ್ತರು ಅದನ್ನೇ ತಿರುಗಿ ನರಳಬೇಕು. ಸಮಾಧಾನ ಹೇಳಕೂಡದು, ಬುದ್ಧಿ ಹೇಳಕೂಡದು.

"ಎರಡು ಲೋಟ ಕಾಫಿ ಮಾಡ್ತೀನಿ. ಒಂದನ್ನ ಚೆಲ್ತೀನಿ."

"ಎರಡು ಲೋಟ ಕಾಫಿ ಮಾಡ್ತೀಯ. ಒಂದನ್ನ ಚೆಲ್ತೀಯ."

"ಹಿಮದ ಗಾಡಿ ಸದ್ದಾದ್ರೆ ಬಾಗಿಲು ತೆಗೀತೀನಿ. ಓಡಿಸ್ತಿರೋನು ಬೇರೆ ಯಾರೋ."

"ಓಡಿಸ್ತಿರೋನು ಬೇರೆ ಯಾರೋ," ಎನ್ನುತ್ತ ಟಾಡ್ ತೋಳಿನಿಂದ ಕಣ್ಣು ಒರೆಸಿಕೊಂಡ. ಲೊರೇನ್ ಬಿಕ್ಕಿ ಬಿಕ್ಕಿ ಅತ್ತಳು. ವರ್ನ್ ಹೋದಮೇಲೆ ಅವಳು ಮನಸಾರೆ ಅತ್ತದ್ದು ಅದೇ ಮೊದಲು.

"ಅಕ್ಕ, ಇದೆಲ್ಲ ಪೂಜೇಲಿಲ್ಲ," ಹೆಣ ಪಿಸುಗುಟ್ಟಿತು. "ಬೇಗ ವರ ಕೊಟ್ಟು ಮುಗಿಸು."

ತನ್ನ ನೋವನ್ನು ಕೇಳಿಸಿಕೊಂಡವರಿಗೆ ದೇವಿ ವರ ಕೊಡಬೇಕು. ಸತ್ತ ಇನಾನ್ನಾಳನ್ನು ಬದುಕಿಸಿ ಮೇಲಕ್ಕೆ ಕರೆದೊಯ್ಯುವುದೇ ಭಕ್ತರು ಕೇಳುವ ವರ. ಕೇಲಿನ್ ಕೈ ಮುಂದೆ ಚಾಚಿದಳು. "ತಾಯಿ, ಕೊಕ್ಕೆಯಲ್ಲಿರೋ ಹೆಣ ಕೊಡಿ."

ಲೊರೇನ್ ಎದ್ದು ಕೂತು ಶಾಲಿನಿಂದ ಮೂಗು ಒರೆಸಿಕೊಂಡಳು. "ಬದಲಿ ಕೊಡದೆ ಪಾತಾಳದಿಂದ ಯಾರೂ ಎದ್ದು ಹೋಗೋ ಹಾಗಿಲ್ಲ ಅಂತ ಪೆಗ್ಗಿ ಹೇಳ್ತಿದ್ಲು. ಹೌದಾ?"

"ಹೌದು ತಾಯಿ. ಬದಲಿಗೆ ಬಟ್ಟೆಗೊಂಬೆ ತಂದಿದೀವಿ."

"ಗೊಂಬೆ ಬೇಡ. ನನ್ನ ವರ್ನ್ ಜಾಕೆಟ್ ತಂದು ಅದೇ ಕೊಕ್ಕೆಗೆ ಹಾಕಿ. ಆಮೇಲೆ ಹೆಣ ತಗೊಂಡು ಹೋಗಿ."

ದೇವಿಯ ಮಾತೆಂದರೆ ಮಾತು. ಇಬ್ಬರೂ ಕಪ್ಪು ನಿಲುವಂಗಿ ಎತ್ತಿಕೊಂಡು ಮೆಟ್ಟಿಲು ಹತ್ತಿದರು.

"ಟಾಡ್, ಮೊದಲು ನನ್ನ ಬಿಚ್ಚೋ."

"ಹೆಣ ಮಾತಾಡಬಾರದು ಅಮ್ಮ. ನೀವೇ ಹೇಳ್ಕೊಟ್ಟಿದ್ದು," ಎಂದ ಟಾಡ್ ಮೇಲಿನಿಂದ, ಬಹಳ ಭಕ್ತಿಯಿಂದ.

ಹೊರಗೆ ಕಾರು ಹೊರಟ ಸದ್ದು ಕೇಳಿಸಿತು. ಆ ಡಬ್ಬದ ಬಾಯಿ ಬಹಳ ಕಿರಿದು. ಹಾಕುವುದು ಸುಲಭ, ತೆಗೆಯಲು ಹೊತ್ತು ಹಿಡಿಯುತ್ತದೆ.

"ಅಕ್ಕ," ಎಂದಳು ಪೆಗ್ಗಿ ಸ್ವಲ್ಪ ಹೊತ್ತಿನ ಮೇಲೆ, "ಕೈ ನೋಯ್ತಿದೆ."

ಲೊರೇನ್ ಸ್ಟೂಲು ಎಳೆದುಕೊಂಡು ತಂಗಿಯ ಪಕ್ಕದಲ್ಲೇ ಕೂತಳು.

"ಅಯ್ಯೋ," ಎಂದಳು, "ನಿನ್ನ ಕೈ ನೋಯ್ತಿದೆ."