ಹತ್ತನೇ ಕೋಟೆ

"ಒಂಬತ್ತನೇ ಕೋಟೆ ದಾಟಿದ್ದು ನಾನೇ ಮಾರಾಯ, ಬೇರೆ ಯಾರು? ನಿಮಗೆಲ್ಲ ಇಮೇಲ್ ಮಾಡಿದ್ದೇನಲ್ಲ!"

ಬದಿಯಡ್ಕದ ಇಂಟರ್‌ನೆಟ್ ಅಂಗಡಿಯ ಬಾಗಿಲಿಗೆ ಬಂದ ಕ್ಷಮಾಳಿಗೆ, ಒಳಗೆ ಕಂಪ್ಯೂಟರ್ ಮುಂದೆ ಕುಳಿತು ಗೆಳೆಯರೆದುರು ಕೊಚ್ಚಿಕೊಳ್ಳುತ್ತಿದ್ದ ಕುಶಲನ ಈ ಮಾತು ಕೇಳಿ ಮೈಯೆಲ್ಲ ಉರಿಯಿತು. ಎಂಟು ದಿನ ಸೋತು ಸೋತು ಕಂಪ್ಯೂಟರ್ ಆಟದ ಆ ಕೋಟೆ ಗೆದ್ದವಳು ಅವಳು. ಚಿಕ್ಕಮ್ಮನ ಮಗ ಕುಶಲ್, ಪಾಪ, ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾನೆಂದು ಸೇವ್ ಮಾಡಿದ ಆಟವನ್ನು ಅವನಿಗೆ ಇಮೇಲ್‌ನಲ್ಲಿ ಕಳಿಸಿದವಳೂ ಅವಳೇ. ಈ ಮಹಾಶಯ ಅದನ್ನೇ ತನ್ನದೆಂದು ಊರಿಗೆಲ್ಲ ಹಂಚಿದ್ದಾನೆ!

"ಹೌದಾ? ಹಾಗಾದ್ರೆ ಹತ್ತನೇದು ಈಗಲೇ ಆಡು, ನೋಡುವ," ಎಂದಳು.

ಕುಶಲನ ಮುಖ ಸಪ್ಪಗಾಯಿತು. "ಕೈ ನೋವುಂಟು. ನಾಳೆ ಆಡ್ತೇನೆ."

"ನಾಳೆಯವರೆಗೆ ಎಂತಕ್ಕೆ? ಏಳು!" ಅವನನ್ನು ಎಬ್ಬಿಸಿ ತಾನೇ ಕುಳಿತಳು. ಕೀಬೋರ್ಡನ್ನು ಅವಳು ಒತ್ತುತ್ತಿದ್ದ ರಭಸಕ್ಕೆ ಮೇಜು ಅದುರುತ್ತಿತ್ತು. ಅರ್ಧ ಗಂಟೆ ಆಡಿದಳು. ಕೊನೆಗೆ ಹತ್ತನೇ ಕೋಟೆಯ ಬಾಗಿಲು ತೆರೆದಾಗ ಹುಡುಗರೆಲ್ಲ ಅವಳ ಬೆನ್ನ ಹಿಂದೆ ಮುಗಿಬಿದ್ದು ಕೂಗಿದರು. ಆ ಗದ್ದಲದಲ್ಲಿ ಕುಶಲ್ ಮೈಮರೆತು ಕೇಳಿಯೇಬಿಟ್ಟ:

"ಇದನ್ನು ಸಹ ನನಗೆ ಕಳಿಸ್ತೀಯಾ ಅಕ್ಕ?"

ಎಲ್ಲರೂ ಕುಶಲನತ್ತ ತಿರುಗಿದರು.

ಆಟವನ್ನು ಸೇವ್ ಮಾಡಬೇಕೇ ಎಂದು ಪರದೆ ಕೇಳುತ್ತಿತ್ತು. ಕ್ಷಮಾ 'ನೋ' ಒತ್ತಿ ಎದ್ದಳು.